ಯೂನಿಫಾರ್ಮ್ ಬಂತು, ಕಾಂಟ್ರಾಕ್ಟ್ ಇನ್ನೂ ಆಗಿರ್ಲಿಲ್ಲ

2023ರ ಆಗಸ್ಟ್ ಕೊನೇ ವಾರ. ಮಗಳು ಕಾಲೇಜಿಗೆ ಸೇರಿ ಹತ್ತು ದಿನ ಆಗಿತ್ತು ಅಷ್ಟೆ. ಹಾಸ್ಟೆಲ್ ರೂಮಿನ ಬಾಗಿಲ ಮುಂದೆ ನಿಂತ್ಕೊಂಡು ಒಂದು ಫೋಟೋ ತೆಗೆಸಿ ಕಳಿಸಿದ್ಲು, ಅಮೆರಿಕದ ಆರ್ಮಿ ಯೂನಿಫಾರ್ಮ್‌ನಲ್ಲಿ. ಹಸಿರು ಕಂದು ಬಣ್ಣ ಕಲಸಿದ ಓಸಿಪಿ ಅನ್ನೋ ಡ್ರೆಸ್ಸು, ಕಂದು ಬೂಟು, ತಲೆ ಮೇಲೆ ಪ್ಯಾಟ್ರೋಲ್ ಕ್ಯಾಪ್. ನಾನು ಫೋಟೋ ದೊಡ್ಡದು ಮಾಡಿ ನೋಡಿದೆ, ಬಲ ತೋಳಿನ ಮೇಲಿನ ಬಾವುಟ ತಿರುಗಾಮುರುಗಾ ಇದೆ, ನಕ್ಷತ್ರಗಳು ಬಲಗಡೆ ಬಂದುಬಿಟ್ಟಿವೆ, ಅಂಟಿಸೋವಾಗ ತಪ್ಪಾಗಿದೆ ಅಂದ್ಕೊಂಡು ಫೋನ್ ಮಾಡಿದೆ. "ಇಲ್ಲ ಅಮ್ಮ, ಅದು ಹಂಗೇ ಇರ್ಬೇಕು, ಬಾವುಟ ಹಿಡ್ಕೊಂಡು ಮುಂದಕ್ಕೆ ಓಡೋವಾಗ ನಕ್ಷತ್ರ ಮುಂದೆ ಇರತ್ತಲ್ಲ, ಹಂಗೆ" ಅಂದ್ಲು. ಸರಿ ಅಂತ ಫೋಟೋನ ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕ್ದೆ.

ಹಾಕಬಾರದಿತ್ತು ಅಂತ ಈಗ ಅನ್ಸತ್ತೆ, ಯಾಕೆ ಅಂತ ಮುಂದೆ ಹೇಳ್ತೀನಿ. ಅರ್ಧ ಗಂಟೆಯಲ್ಲಿ ಶಿವಮೊಗ್ಗ, ದಾವಣಗೆರೆ, ಬೆಂಗಳೂರು, ಡಲ್ಲಾಸ್ ಎಲ್ಲ ಕಡೆಯಿಂದ ಮೆಸೇಜು. "ಆರ್ಮಿ ಸೇರಿಬಿಟ್ಲಾ", "ಕಂಗ್ರಾಟ್ಸ್ ಆಫೀಸರ್ ಮೇಡಮ್", "ಒಬ್ಬಳೇ ಮಗಳನ್ನ ಹೆಂಗೆ ಕಳಿಸಿದ್ರಿ". ತರೀಕೆರೆಯಿಂದ ನಮ್ಮ ಮಾವನವರು ಮಾತ್ರ ಮೆಸೇಜ್ ಹಾಕ್ಲಿಲ್ಲ, ಫೋನೇ ಮಾಡಿದ್ರು. ಅವರಿಗೆ ಎಂಬತ್ತು ದಾಟಿದೆ, ರಿಟೈರ್ಡ್ ಮೇಷ್ಟ್ರು. "ಏನಮ್ಮ, ಆ ಹುಡುಗಿ ಎದೆ ಮೇಲೆ ಇರೋದು ನನ್ನ ಹೆಸರಲ್ವಾ?" ಅಂದ್ರು.

ಹೌದು, ಅವರ ಹೆಸರೇ. ನಮ್ಮಲ್ಲಿ ಸರ್‌ನೇಮ್ ಅನ್ನೋದು ಎಲ್ಲಿತ್ತು, ನಮ್ಮನೆಯವರು ಪಾಸ್‌ಪೋರ್ಟ್ ಮಾಡಿಸೋವಾಗ ಆ ಕಾಲಂನಲ್ಲಿ ಅಪ್ಪನ ಹೆಸರು ಬರೆದ್ರು, ಇಲ್ಲಿಗೆ ಬಂದ್ಮೇಲೆ ಅದೇ ಫ್ಯಾಮಿಲಿ ನೇಮ್ ಆಯ್ತು, ಮಗಳು ಹುಟ್ಟಿದಾಗ ಅವಳ ಬರ್ತ್ ಸರ್ಟಿಫಿಕೇಟಿಗೂ ಅದೇ ಹೋಯ್ತು. ಇಂಗ್ಲಿಷಲ್ಲಿ ಬರೆದ್ರೆ ಹದಿಮೂರು ಅಕ್ಷರ. ಸ್ಕೂಲಲ್ಲಿ ಯಾವ ಟೀಚರೂ ಪೂರ್ತಿ ಹೇಳ್ತಿರ್ಲಿಲ್ಲ. ಈಗ ಅದು ನೇಮ್ ಟೇಪ್ ಮೇಲೆ ಒತ್ತೊತ್ತಾಗಿ, ಎದೆಯ ಒಂದು ಕಡೆ ತಾತನ ಹೆಸರು ಇನ್ನೊಂದು ಕಡೆ ಯು.ಎಸ್. ಆರ್ಮಿ. ಮಾವನವರು ಸ್ವಲ್ಪ ಹೊತ್ತು ಸುಮ್ನಿದ್ದು ಆಮೇಲೆ ಕೇಳಿದ್ರು, "ಸಹಿ ಹಾಕಾಯ್ತಾ?"

ಅಷ್ಟು ಜನರಲ್ಲಿ ಆ ಪ್ರಶ್ನೆ ಕೇಳಿದ್ದು ಅವರೊಬ್ಬರೇ. ಸಹಿ ಆಗಿರ್ಲಿಲ್ಲ. ಅವಳು ಇನ್ನೂ ಆರ್ಮಿ ಸೇರಿರ್ಲಿಲ್ಲ. ಸ್ಕಾಲರ್‌ಶಿಪ್ ಲೆಟರ್ ಬಂದಿತ್ತು, ಯೂನಿಫಾರ್ಮ್ ಬಂದಿತ್ತು, ಬೆಳಗ್ಗೆ ಆರಕ್ಕೆ ಪಿಟಿಗೆ ಹೋಗ್ತಿದ್ಲು, ಆದ್ರೆ ಸೇನೆಯಲ್ಲಿ ಸೇವೆ ಮಾಡ್ತೀನಿ ಅಂತ ಬರೆದುಕೊಡೋ ಕಾಂಟ್ರಾಕ್ಟ್ ಆಗಿರ್ಲಿಲ್ಲ. ಈ ಎರಡರ ಮಧ್ಯೆ ಇರೋ ವ್ಯತ್ಯಾಸ ನನಗೆ ಪೂರ್ತಿ ಅರ್ಥ ಆಗೋಕೆ ಇನ್ನೂ ಒಂದು ತಿಂಗಳು ಬೇಕಾಯ್ತು. ಇತ್ತೀಚೆಗೆ ಕನ್ನಡ ಕೂಟದಲ್ಲಿ ಇಬ್ಬರು ಮೂವರು ಅಮ್ಮಂದಿರು ಇದನ್ನೇ ಕೇಳಿದ್ರು, ಅವರ ಮಕ್ಕಳೂ ಕಾಲೇಜಲ್ಲೇ ಆರ್ಮಿ ಆಫೀಸರ್ ತರಬೇತಿ ಕೊಡೋ ಆರ್‌ಒಟಿಸಿ ಅಂತಿದಾರಂತೆ, ಅದಕ್ಕೆ ಬರೀತಿದೀನಿ.

ಮೊದಲನೇ ಗೊಂದಲ ಎನ್‌ಸಿಸಿಯಿಂದ ಬರತ್ತೆ, ನನಗೂ ಅಲ್ಲಿಂದಲೇ ಬಂದಿದ್ದು. ನಾನು ಶಿವಮೊಗ್ಗದಲ್ಲಿ ಓದೋವಾಗ ಎನ್‌ಸಿಸಿಯಲ್ಲಿದ್ದೆ, ಸಿ ಸರ್ಟಿಫಿಕೇಟ್ ತನಕ ಮಾಡಿದೀನಿ. ಭಾನುವಾರ ಪರೇಡು, ಪರೇಡ್ ಮುಗಿದ್ಮೇಲೆ ಪೂರಿ ಸಾಗು, ಕ್ಯಾಂಪು. ಖಾಕಿ ಶರ್ಟಿಗೆ ಅಮ್ಮ ಅನ್ನ ಬಸಿದ ಗಂಜಿ ಹಾಕಿ ಕೊಡ್ತಿದ್ರು, ಇಸ್ತ್ರಿ ಮಾಡಿದ್ರೆ ಮಡಿಕೆ ಕತ್ತಿ ಹಾಗೆ ನಿಲ್ಲೋದು, ಬೆಲ್ಟಿನ ಹಿತ್ತಾಳೆಗೆ ಬ್ರಾಸೋ, ಶೂಗೆ ಚೆರಿ ಬ್ಲಾಸಮ್. ಎಲ್ಲಾ ಇತ್ತು, ಆದ್ರೆ ಸರ್ಕಾರಕ್ಕೆ ನಾವು ಏನೂ ಬರೆದುಕೊಟ್ಟಿರ್ಲಿಲ್ಲ. 1948ರ ಎನ್‌ಸಿಸಿ ಕಾಯ್ದೆಯಲ್ಲೇ ಇದೆ, ಕೆಡೆಟ್ ಆದ ಮಾತ್ರಕ್ಕೆ ಸೇನೆಯಲ್ಲಿ ಸೇವೆ ಮಾಡ್ಬೇಕು ಅನ್ನೋ ಹೊಣೆ ಇಲ್ಲ. ಆಫೀಸರ್ ಆಗಿ ಸೇನೆಗೆ ಹೋಗ್ಬೇಕು ಅಂದ್ರೆ ಆಮೇಲೆ ಬೇರೆಯಾಗಿ ಆಯ್ಕೆ ಮಂಡಳಿಯಾದ ಎಸ್‌ಎಸ್‌ಬಿ ಎದುರಿಸ್ಬೇಕು.

ಆರ್‌ಒಟಿಸಿ ಹಂಗಲ್ಲ. 1916ರ ಕಾಯ್ದೆಯಿಂದ ಶುರುವಾದ ವ್ಯವಸ್ಥೆ ಇದು, ಕಾಲೇಜಲ್ಲಿ ಓದ್ತಾ ಓದ್ತಾನೇ ಆಫೀಸರ್ ತಯಾರು ಮಾಡೋದು, ಡಿಗ್ರಿ ಮುಗಿದ ದಿನ ಸೆಕೆಂಡ್ ಲೆಫ್ಟಿನೆಂಟ್. ಇದರೊಳಗೆ ಎರಡು ಥರ ಮಕ್ಕಳಿರ್ತಾರೆ. ಸುಮ್ಮನೆ ಕ್ಲಾಸು, ಪಿಟಿ, ಲ್ಯಾಬ್ (ಸೇನಾ ಅಭ್ಯಾಸ) ಮಾಡ್ಕೊಂಡು ನೋಡ್ತಿರೋರು, ಮತ್ತೆ ಕಾಂಟ್ರಾಕ್ಟ್ ಆದೋರು. ಬಟ್ಟೆ ನೋಡಿದ್ರೆ ಯಾರು ಯಾವುದು ಅಂತ ಗೊತ್ತಾಗಲ್ಲ. ನಮ್ಮ ಮಗಳ ಬೆಟಾಲಿಯನ್ನಲ್ಲಿ ಮೊದಲ ವಾರವೇ ಸಪ್ಲೈ ರೂಮಿಗೆ ಕರ್ಕೊಂಡು ಹೋಗಿ ಎಲ್ಲರಿಗೂ ಓಸಿಪಿ, ಬೂಟು, ಕಪ್ಪು ಪಿಟಿ ಡ್ರೆಸ್ಸು, ಬೆನ್ನಿಗೆ ಹಾಕೋ ರಕ್‌ಸ್ಯಾಕ್ ಕೊಟ್ಟು ಹ್ಯಾಂಡ್ ರಿಸೀಟ್ ಮೇಲೆ ಸಹಿ ತಗೊಂಡ್ರು. ನಾನು ಆ ಸಹಿನೇ ಸಹಿ ಅಂದ್ಕೊಂಡಿದ್ದೆ. ಅದು ಬರೀ ಸಾಮಾನಿನ ಲೆಕ್ಕ, ಕಳ್ಕೊಂಡ್ರೆ ದುಡ್ಡು ಕಟ್ಬೇಕು, ಬಿಟ್ಟು ಹೋದ್ರೆ ವಾಪಸ್ ಕೊಡ್ಬೇಕು ಅಷ್ಟೆ. (ಯೂನಿಫಾರ್ಮ್ ಯಾವಾಗ ಕೊಡ್ತಾರೆ ಅನ್ನೋದು ಕಾಲೇಜಿಂದ ಕಾಲೇಜಿಗೆ ಬೇರೆ, ಹಾಗಾಗಿ ನಿಮ್ಮ ಮಗುಗೆ ತಡವಾಗಿ ಕೊಟ್ರೆ ಗಾಬರಿಯಾಗ್ಬೇಡಿ.)

ಸೆಪ್ಟೆಂಬರ್ ಕೊನೆಗೆ ಫ್ಯಾಮಿಲಿ ವೀಕೆಂಡ್ ಇತ್ತು. ಕೆಡೆಟ್‌ಗಳ ಅಪ್ಪ ಅಮ್ಮಂದಿರೆಲ್ಲ ಒಂದು ಮರದ ಕೆಳಗೆ ಸೇರಿದ್ವಿ, ತಲಾ ಒಂದೊಂದು ಡಿಶ್ ತಂದಿದ್ರು, ನಾನು ಚಿತ್ರಾನ್ನ ಮಾಡ್ಕೊಂಡು ಹೋಗಿದ್ದೆ. ಮೊದಲು ಬರೀ ಬಟ್ಟೆ ಮಾತು. ಎಷ್ಟು ಜೊತೆ ಕೊಟ್ರು, ಬೂಟು ಕಚ್ಚತ್ತಾ, ಉಣ್ಣೆ ಸಾಕ್ಸ್ ಎಲ್ಲಿ ತಗೊಂಡ್ರಿ. ನಾನು ಗಂಜಿ ಇಸ್ತ್ರಿ ಕಥೆ ಹೇಳಿದಾಗ ಒಬ್ಬ ಅಮ್ಮ, ಅವರು ಇಪ್ಪತ್ತು ವರ್ಷ ಆರ್ಮಿಯವರ ಹೆಂಡತಿಯಾಗಿದ್ದೋರು, ನನ್ನ ಕೈ ಹಿಡ್ಕೊಂಡು ಬೇಡ ಬೇಡ ಅಂದ್ರು. ಓಸಿಪಿಗೆ ಸ್ಟಾರ್ಚ್ ಹಾಕೋ ಹಾಗೇ ಇಲ್ಲ. ಬಿಳುಪು ಮಾಡೋ ಬ್ರೈಟ್‌ನರ್ ಇರೋ ಸೋಪಿನ ಪುಡಿಯೂ ಬೇಡ, ಯಾಕಂದ್ರೆ ರಾತ್ರಿ ನೋಡೋ ನೈಟ್ ವಿಷನ್ ಕನ್ನಡಕದಲ್ಲಿ ಆ ಬಟ್ಟೆ ಹೊಳೆದು ಕಾಣತ್ತಂತೆ. ಬೂಟಿಗೆ ಪಾಲಿಶ್ ಇಲ್ಲ, ಚರ್ಮದ ಒರಟು ಭಾಗ ಹೊರಗಿರತ್ತೆ, ಬ್ರಷ್ ಮಾಡಿದ್ರೆ ಆಯ್ತು. ನನ್ನ ಎನ್‌ಸಿಸಿ ವಿದ್ಯೆ ಒಂದೂ ಇಲ್ಲಿ ನಡೆಯಲ್ಲ ಅಂತ ಗೊತ್ತಾಯ್ತು. ಒಪ್ಪವಾಗಿ ಕಾಣೋಕೆ ಹೊಲಿದ ಬಟ್ಟೆ ಬೇರೆ, ಕಾಣಿಸ್ಕೋಬಾರದು ಅಂತ ಹೊಲಿದ ಬಟ್ಟೆ ಬೇರೆ. ಆ ವಿವರ ಕೇಳಿ ನನಗೆ ಹೊಟ್ಟೆಯೊಳಗೆ ತಣ್ಣಗಾಯ್ತು, ಅಲ್ಲಿವರೆಗೂ ಅದು ನನಗೆ ಫೋಟೋದ ಬಟ್ಟೆಯಾಗಿತ್ತು.

ಹೆಣ್ಣುಮಕ್ಕಳ ಅಮ್ಮಂದಿರು ಕೂದಲಿನ ಬಗ್ಗೆ ಕೇಳೇ ಕೇಳ್ತಾರೆ. 2021ರಲ್ಲಿ ರೂಲ್ ಬದಲಾಗಿದೆ, ಮೊದಲಿನ ಹಾಗೆ ತುರುಬು ಬಿಗಿಯಾಗಿ ಕಟ್ಟಲೇಬೇಕು ಅಂತಿಲ್ಲ, ಒಂಟಿ ಜಡೆ ಹಾಕಿ ಬಿಡಬಹುದು, ಉದ್ದಕ್ಕೆ ಮಿತಿ ಇದೆ. ಮೂಗುಬೊಟ್ಟು ಮಾತ್ರ ಯೂನಿಫಾರ್ಮ್‌ನಲ್ಲಿ ಇಲ್ಲ. ನಮ್ಮವಳಿಗೆ ಊರಲ್ಲಿ ಅಜ್ಜಿ ಆಸೆಪಟ್ಟು ಚುಚ್ಚಿಸಿದ್ದು, ವಾರಕ್ಕೆ ನಾಲ್ಕು ದಿನ ತೆಗೆದು ಹಾಕಿ ಮಾಡೋಕಾಗಲ್ಲ ಅಂತ ಪೂರ್ತಿ ತೆಗೆದುಬಿಟ್ಲು, ತೂತು ಮುಚ್ಚಿಹೋಯ್ತು. ಅಜ್ಜಿಗೆ ಬೇಜಾರಾಗಿದೆ, ನನಗೂ ಸ್ವಲ್ಪ.

ಊಟ ಮುಗಿಯೋ ಹೊತ್ತಿಗೆ ಒಬ್ಬರು ನನ್ನ ಕೇಳಿದ್ರು, "ಈಸ್ ಶಿ ಕಾಂಟ್ರಾಕ್ಟೆಡ್?" ನಾನು ಸ್ಕಾಲರ್‌ಶಿಪ್ ಬಂದಿದೆ ಅಂದೆ. ಅವರು ಅದಲ್ಲ ಕೇಳಿದ್ದು ಅಂದ್ರು. ಪಕ್ಕದಲ್ಲಿದ್ದ ಒಬ್ಬ ಅಪ್ಪ, ಫೇಯೆಟ್‌ವಿಲ್‌ನೋರು, ಸಾರ್ಜೆಂಟ್ ಆಗಿ ರಿಟೈರ್ ಆದೋರು, ಪೇಪರ್ ಪ್ಲೇಟ್ ಹಿಂದೆ ಪೆನ್ನಲ್ಲಿ ಬರೆದು ತೋರಿಸಿದ್ರು. ಆ ಪ್ಲೇಟ್ ಇವತ್ತಿಗೂ ನನ್ನ ಹತ್ರ ಇದೆ. ಅವರು ಹೇಳಿದ್ದನ್ನ, ಆಮೇಲೆ ನಾವು ಫಾರಂ ಓದಿ ತಿಳ್ಕೊಂಡಿದ್ದನ್ನ ಸೇರಿಸಿ ಹೇಳ್ತೀನಿ.

ಸ್ಕಾಲರ್‌ಶಿಪ್ ಲೆಟರ್ ಅಂದ್ರೆ ಕೊಡ್ತೀವಿ ಅನ್ನೋ ಮಾತು. ದುಡ್ಡು ಬರೋದು ಕಾಂಟ್ರಾಕ್ಟ್ ಆದ್ಮೇಲೇನೇ. ಕಾಂಟ್ರಾಕ್ಟ್ ಆಗ್ಬೇಕಾದ್ರೆ ಮೆಡಿಕಲ್ ಕ್ಲಿಯರ್ ಆಗಿರ್ಬೇಕು, ಫಿಟ್‌ನೆಸ್ ಟೆಸ್ಟ್ ಪಾಸಾಗಿರ್ಬೇಕು, ಎತ್ತರಕ್ಕೆ ತಕ್ಕ ತೂಕ ಇರ್ಬೇಕು, ಅಮೆರಿಕದ ಸಿಟಿಜನ್ ಆಗಿರ್ಬೇಕು. ಕೊನೇದು ನಮ್ಮ ಜನಕ್ಕೆ ಮುಖ್ಯ. ಗ್ರೀನ್ ಕಾರ್ಡ್ ಇರೋರು ಸಿಪಾಯಿಯಾಗಿ ಸೇನೆ ಸೇರಬಹುದು, ಆದ್ರೆ ಆಫೀಸರ್ ಆಗೋ ಈ ಕಾಂಟ್ರಾಕ್ಟಿಗೆ ಗ್ರೀನ್ ಕಾರ್ಡ್ ಸಾಲಲ್ಲ. ಒಂದೇ ಮನೆಯಲ್ಲಿ ಇಲ್ಲಿ ಹುಟ್ಟಿದ ತಂಗಿ ಸಿಟಿಜನ್, ಬೆಂಗಳೂರಲ್ಲಿ ಹುಟ್ಟಿ ಎರಡು ವರ್ಷಕ್ಕೆ ಇಲ್ಲಿಗೆ ಬಂದ ಅಣ್ಣ ಇನ್ನೂ ಅಪ್ಪ ಅಮ್ಮನ ಕೆಲಸದ ವೀಸಾಗೆ ಅಂಟಿಕೊಂಡ ಎಚ್-4 ವೀಸಾದಲ್ಲಿ, ಅಂಥ ಮನೆಗಳು ನಮಗೆಲ್ಲ ಗೊತ್ತು. ಆ ಅಣ್ಣನಿಗೆ ಆಸೆ ಇದ್ರೆ ಯೂನಿಫಾರ್ಮ್‌ಗಿಂತ ಮುಂಚೆ ಈ ಮಾತು ಅವನಿಗೆ ಹೇಳಿ. ಹುಡುಗ ಒಂದು ವರ್ಷ ಬೆಳಗ್ಗೆ ಎದ್ದು ಓಡಿ ಆಮೇಲೆ ಗೊತ್ತಾಗೋದಕ್ಕಿಂತ ಮೊದಲೇ ಗೊತ್ತಾಗೋದು ಒಳ್ಳೇದು.

ಕಾಂಟ್ರಾಕ್ಟ್ ಆದ್ರೆ ಟ್ಯೂಷನ್ ಫೀಸು, ಇಲ್ಲಾಂದ್ರೆ ಅದರ ಬದಲಿಗೆ ರೂಮು ಊಟದ ಖರ್ಚು, ಪುಸ್ತಕಕ್ಕೆ ವರ್ಷಕ್ಕೆ 1200 ಡಾಲರ್, ಕೈಖರ್ಚಿಗೆ ಕಾಲೇಜು ನಡೆಯೋ ತಿಂಗಳು 420 ಡಾಲರ್. ಬದಲಿಗೆ ಎಂಟು ವರ್ಷದ ಸೇವೆ, ಸ್ಕಾಲರ್‌ಶಿಪ್ ಮಕ್ಕಳು ಆಕ್ಟಿವ್ ಡ್ಯೂಟಿಗೆ ಹೋದ್ರೆ ಸಾಮಾನ್ಯವಾಗಿ ನಾಲ್ಕು ವರ್ಷ ಪೂರ್ತಿ ಸೇನೆಯಲ್ಲಿ, ಉಳಿದ ವರ್ಷ ರಿಸರ್ವ್‌ನಲ್ಲಿ ಹೆಸರು. ನಾಲ್ಕು ವರ್ಷದ ಸ್ಕಾಲರ್‌ಶಿಪ್ ಬಂದ ಮಕ್ಕಳಿಗೆ ಮೊದಲ ವರ್ಷ ಒಂದು ಕಿಟಕಿ ತೆರೆದಿರತ್ತೆ, ಎರಡನೇ ವರ್ಷದ ಕ್ಲಾಸು ಶುರುವಾಗೋಕೆ ಮುಂಚೆ ಬಿಟ್ಟು ಬಂದ್ರೆ ಏನೂ ವಾಪಸ್ ಕೊಡ್ಬೇಕಾಗಿಲ್ಲ. ಅದಾದ್ಮೇಲೆ ಬಿಟ್ರೆ ಕೊಟ್ಟ ದುಡ್ಡು ವಾಪಸ್ ಕೇಳಬಹುದು, ಅಥವಾ ಆಫೀಸರ್ ಆಗಿ ಅಲ್ಲ, ಸಿಪಾಯಿಯಾಗಿ ಸೇವೆಗೆ ಕರೆಯಬಹುದು. ಇದು ಕಾಂಟ್ರಾಕ್ಟ್ ಫಾರಂನಲ್ಲೇ ಅಚ್ಚಾಗಿದೆ. ಸಾರ್ಜೆಂಟ್ ಅಪ್ಪ ಈ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ರು.

ಇನ್ನೊಂದು, ಮೂರು ವರ್ಷದ ಸ್ಕಾಲರ್‌ಶಿಪ್ ಅಂತ ಒಂದು ಬರತ್ತೆ, ಅದರಲ್ಲಿ ಮೊದಲ ವರ್ಷದ ಫೀಸು ನಿಮ್ಮದೇ. ಆ ವರ್ಷ ಮಗು ಯೂನಿಫಾರ್ಮ್ ಹಾಕತ್ತೆ, ಪಿಟಿ ಮಾಡತ್ತೆ, ಎಲ್ಲಾ ಮಾಡತ್ತೆ, ದುಡ್ಡು ಮಾತ್ರ ಎರಡನೇ ವರ್ಷದಿಂದ. ಆ ಮರದ ಕೆಳಗೆ ಕೂತಿದ್ದ ಒಬ್ಬರು ಇದನ್ನ ಆವತ್ತೇ ಮೊದಲು ಕೇಳಿದ್ದು, ಅವರ ಮುಖ ನೋಡೋಕಾಗ್ಲಿಲ್ಲ.

ನಮ್ಮದು ನಾಲ್ಕು ವರ್ಷದ್ದೇ. ಸಿಕ್ಕಿಕೊಂಡಿದ್ದು ಮೆಡಿಕಲ್‌ನಲ್ಲಿ. ಆರೋಗ್ಯ ನೋಡೋದಕ್ಕೆ ಡಾಡ್‌ಮರ್ಬ್ ಅಂತ ಒಂದು ಬೋರ್ಡ್ ಇದೆ, ಉದ್ದನೆ ಪ್ರಶ್ನಾವಳಿ ಇರತ್ತೆ. ಅದರಲ್ಲಿ ಒಂದು ಪ್ರಶ್ನೆ, 13ನೇ ಹುಟ್ಟುಹಬ್ಬದ ನಂತರ ಆಸ್ತಮಾ, ವ್ಹೀಜಿಂಗ್, ಇನ್‌ಹೇಲರ್ ಏನಾದ್ರೂ ಇತ್ತಾ. 2019ರ ಜೂನ್‌ನಲ್ಲಿ ಊರಿಗೆ ಹೋಗಿದ್ವಿ, ಬೆಂಗಳೂರಿನ ಧೂಳಿಗೆ ಅವಳಿಗೆ ಕೆಮ್ಮು ಹಿಡಿದು ರಾತ್ರಿ ಉಸಿರು ಸುಯ್ ಸುಯ್ ಅನ್ನೋಕೆ ಶುರುವಾಯ್ತು, ಡಾಕ್ಟರು ಒಂದು ಇನ್‌ಹೇಲರ್ ಬರೆದ್ರು, ಎರಡು ವಾರ ತಗೊಂಡ್ಲು, ಮುಗೀತು. ಅವತ್ತಿಗೆ ಅವಳಿಗೆ ಹದಿಮೂರು ತುಂಬಿ ಎಂಟು ತಿಂಗಳು. ಎಂಟೇ ತಿಂಗಳು ಮುಂಚೆ ಆಗಿದ್ರೆ ಆ ಪ್ರಶ್ನೆಗೆ ಇಲ್ಲ ಅಂತ ಬರೀಬಹುದಿತ್ತು.

ಹತ್ತಿರದ ನೆಂಟರೊಬ್ಬರು, ಪ್ರೀತಿಯಿಂದಲೇ, "ಬೆಂಗಳೂರಿನ ಚೀಟಿ ಇಲ್ಲಿ ಯಾರಿಗೆ ಗೊತ್ತಾಗತ್ತೆ, ಬರೀಬೇಡಿ" ಅಂದ್ರು. ಒಂದು ರಾತ್ರಿ ನಾನೂ ಅದನ್ನ ಯೋಚ್ನೆ ಮಾಡ್ದೆ, ಸುಳ್ಳು ಹೇಳಲ್ಲ. ಬೆಳಗ್ಗೆ ನೋಡಿದ್ರೆ ಮಗಳು ಆಗಲೇ ತುಂಬಿಸಿ ಕಳಿಸಿಬಿಟ್ಟಿದ್ಲು, ಊರು, ತಿಂಗಳು, ಔಷಧಿ ಹೆಸರು ಸಮೇತ. "ಆಫೀಸರ್ ಆಗೋ ಫಾರಂನಲ್ಲೇ ಸುಳ್ಳು ಬರೆದ್ರೆ ಹೆಂಗಮ್ಮ" ಅಂದ್ಲು. ಅನರ್ಹ ಅಂತ ಬಂತು, ವೇವರ್‌ಗೆ (ಅಂದ್ರೆ ವಿನಾಯಿತಿಗೆ) ಹಾಕ್ಬೇಕು ಅಂತಾಯ್ತು, ಉಸಿರಾಟದ ಟೆಸ್ಟ್ ಮಾಡಿಸಿ ರಿಪೋರ್ಟ್ ಕಳಿಸಿ ಅಂತ ಏಪ್ರಿಲ್‌ನಲ್ಲಿ ಈಮೇಲ್ ಬಂದಿತ್ತು. ಪರೀಕ್ಷೆ, ಗ್ರಾಜುಯೇಷನ್ ಅಂತ ಓಡಾಡ್ತಾ ನಾವು ಅದನ್ನ ಜುಲೈಗೆ ಮಾಡಿಸಿದ್ವಿ. ಆ ತಡ ನಮ್ಮದೇ. ಅದಕ್ಕೇ ಆಗಸ್ಟಲ್ಲಿ ಕ್ಲಾಸ್ ಶುರುವಾದಾಗ ಅವಳ ಹತ್ರ ಯೂನಿಫಾರ್ಮ್ ಇತ್ತು, ನಮ್ಮ ಹತ್ರ ಕಾಲೇಜಿನ ಬಿಲ್ ಇತ್ತು. ಮೊದಲ ಸೆಮಿಸ್ಟರಿಂದು ಕಂತಿನಲ್ಲಿ ಕಟ್ಟಿದ್ವಿ, ಮನೆ ರಿಪೇರಿಗೆ ಇಟ್ಟಿದ್ದ ದುಡ್ಡು ಹೋಯ್ತು. ಮೆಡಿಕಲ್ ಪತ್ರ ಬಂದ ವಾರವೇ ಡಾಕ್ಟರ್ ಅಪಾಯಿಂಟ್‌ಮೆಂಟ್ ತಗೊಳ್ಳಿ, ಅದೊಂದು ಮಾಡಿದ್ರೆ ಅರ್ಧ ತಲೆನೋವು ಇರಲ್ಲ.

ಇನ್ನೊಂದು ವಿಷಯ ನಾನು ಯಾರ ಹತ್ರಾನೂ ಜಾಸ್ತಿ ಹೇಳಿಲ್ಲ. ಮಗಳು ಅಕ್ಟೋಬರ್‌ನಲ್ಲಿ ಹುಟ್ಟಿದ್ದು, ಕಾಲೇಜಿಗೆ ಹೋದಾಗ ಹದಿನೇಳು. ಹದಿನೆಂಟು ತುಂಬದೆ ಕಾಂಟ್ರಾಕ್ಟ್ ಮಾಡೋದಾದ್ರೆ ಅಪ್ಪ ಅಮ್ಮನ ಒಪ್ಪಿಗೆ ಸಹಿ ಬೇಕು. ಬೇಸಿಗೆಯೆಲ್ಲ ಆ ಸಹಿ ನನ್ನ ತಲೆಯಲ್ಲಿ ಕೂತಿತ್ತು. ನಮ್ಮನೆಯವರು ಅವಳಿಗೆ ಬೇಕಾದ್ರೆ ಹಾಕೋಣ ಅಂತ ಒಂದೇ ಮಾತಲ್ಲಿ ಮುಗಿಸಿಬಿಟ್ರು. ನನಗೆ ಆಗ್ತಿರ್ಲಿಲ್ಲ. ಪಾತ್ರೆ ತೊಳೀತಾ ನಿಂತಾಗ, ಆಫೀಸಿಗೆ ಡ್ರೈವ್ ಮಾಡೋವಾಗ, ನಾಳೆ ಎಲ್ಲೋ ಏನೋ ಆದ್ರೆ ಆ ಕಾಗದದ ಮೇಲೆ ನನ್ನ ಕೈಬರಹ ಇರತ್ತಲ್ಲ ಅಂತ. ವೇವರ್ ತಡ ಆಯ್ತು ಅಂತ ಎಲ್ಲರೂ ಚಡಪಡಿಸ್ತಿದ್ರೆ ನನಗೆ ಒಳಗೊಳಗೆ ಸಮಾಧಾನವೂ ಆಗ್ತಿತ್ತು, ದುಡ್ಡು ಹೋಗ್ತಿದ್ರೂ ಸಮಾಧಾನ.

ಆ ಸೆಪ್ಟೆಂಬರ್‌ನಲ್ಲಿ ಟೆಕ್ಸಸ್‌ನಲ್ಲಿರೋ ಗೆಳತಿಗೆ ಫೋನ್ ಮಾಡಿದ್ದೆ, ಅವಳ ಮಗ ಟೆಕ್ಸಸ್ ಎ ಅಂಡ್ ಎಂ ಕಾಲೇಜಿನ ಕೋರ್ ಆಫ್ ಕೆಡೆಟ್ಸ್‌ನಲ್ಲಿದ್ದ. ಅಲ್ಲಿ ಹುಡುಗರು ಕ್ಲಾಸಿಗೂ ಯೂನಿಫಾರ್ಮ್‌ನಲ್ಲೇ ಹೋಗ್ತಾರೆ, ಕೊನೇ ವರ್ಷ ಮೊಣಕಾಲಿನವರೆಗೆ ಬರೋ ಕಂದು ಬೂಟು, ಅದನ್ನ ಅಳತೆ ಕೊಟ್ಟು ಮಾಡಿಸ್ತಾರೆ. ನಾಲ್ಕು ವರ್ಷ ಆ ಬಟ್ಟೆ ಹಾಕಿದೋರೆಲ್ಲ ಸೇನೆಗೆ ಹೋಗಲ್ಲ, ಕಾಂಟ್ರಾಕ್ಟ್ ಮಾಡದೇ ಡ್ರಿಲ್ ಅಂಡ್ ಸೆರೆಮನೀಸ್ ಅನ್ನೋ ದಾರಿಯಲ್ಲಿ ಉಳ್ಕೊಂಡು ಡಿಗ್ರಿ ಮುಗಿಸಿ ಕಂಪನಿ ಕೆಲಸಕ್ಕೆ ಹೋಗೋರು ಬೇಕಾದಷ್ಟು. ಅವಳ ಮಗನೂ ಹಾಗೇ, ಈಗ ಹ್ಯೂಸ್ಟನ್‌ನಲ್ಲಿ ಎಂಜಿನಿಯರ್. "ನಿನ್ನ ಮಗಳೂ ಯೂನಿಫಾರ್ಮ್ ಹಾಕ್ಕೊಂಡು ನಾಲ್ಕು ವರ್ಷ ಇದ್ದು ಬರಲಿ ಬಿಡೆ" ಅಂದ್ಲು. ಮಗಳ ಕಾಲೇಜಲ್ಲಿ ಹಂಗೆ ಆಗಲ್ಲ, ಮೂರನೇ ವರ್ಷದ ಅಡ್ವಾನ್ಸ್ಡ್ ಕೋರ್ಸಿಗೆ ಕಾಲಿಡ್ಬೇಕಾದ್ರೆ ಕಾಂಟ್ರಾಕ್ಟ್ ಆಗಿರಲೇಬೇಕು, ಕೆಂಟಕಿಯ ಫೋರ್ಟ್ ನಾಕ್ಸ್‌ನಲ್ಲಿ ಬೇಸಿಗೆ ಕ್ಯಾಂಪ್ ಮಾಡ್ಬೇಕು. ಆದ್ರೆ ಅದಕ್ಕಿಂತ ಹೆಚ್ಚಾಗಿ ಮಗಳಿಗೆ ಬೇಕಾಗಿದ್ದು ಬಟ್ಟೆ ಅಲ್ಲ ಅನ್ನೋದು ನನಗೆ ಆಗಲೇ ಗೊತ್ತಾಗಿತ್ತು, ಇನ್‌ಹೇಲರ್ ವಿಷಯ ಬರೆದು ಕಳಿಸಿದ ಬೆಳಗ್ಗೆನೇ ಗೊತ್ತಾಗಿತ್ತು.

ಅಕ್ಟೋಬರ್‌ನಲ್ಲಿ ಹದಿನೆಂಟು ತುಂಬಿತು. ಕೊನೇ ವಾರದಲ್ಲಿ ವೇವರ್ ಬಂತು. ನವೆಂಬರ್ 9, ದೀಪಾವಳಿ ವಾರದ ಗುರುವಾರ, ಲ್ಯಾಬ್ ದಿನ ಕಾಂಟ್ರಾಕ್ಟ್ ಇಟ್ರು. ಫಾರಂ ಹಿಂದಿನ ದಿನ ರಾತ್ರಿ ವಿಡಿಯೋ ಕಾಲ್‌ನಲ್ಲಿ ಮೂವರೂ ಕೂತು ಒಂದೊಂದೇ ಪ್ಯಾರಾ ಓದಿದ್ವಿ. ಅವಳಿಗೆ ಮೊದಲೇ ಎಲ್ಲಾ ಗೊತ್ತಿತ್ತು, ನಮಗೋಸ್ಕರ ಓದಿದ್ಲು. ಅಪ್ಪ ಅಮ್ಮನ ಸಹಿಯ ಜಾಗ ಬಂದಾಗ "ಇದು ಈಗ ಬೇಕಾಗಿಲ್ಲ" ಅಂತ ಮುಂದಕ್ಕೆ ಹೋದ್ಲು. ಮೂರು ತಿಂಗಳು ನಾನು ಹೊತ್ತಿದ್ದ ಸಹಿ. ಸ್ವಲ್ಪ ತಡಿ ಅಂತ ಹೇಳ್ಬೇಕು ಅನ್ಸ್ತು, ಕೇಳಿದ್ರೆ ನಾನು ಹಾಕ್ತಿದ್ದೆ ಅಂತ ಹೇಳ್ಬೇಕು ಅನ್ಸ್ತು. ಹೇಳಿದೆ ಕೂಡ. ಅವಳು ಓದೋದು ನಿಲ್ಲಿಸಿ "ಗೊತ್ತು ಅಮ್ಮ" ಅಂದ್ಲು.

ಮಾರನೇ ದಿನ ನಾವಿಬ್ಬರೂ ರಜ ಹಾಕಿ ಹೋದ್ವಿ. ಅದೇ ಓಸಿಪಿ, ಅದೇ ಬೂಟು, ಆಗಸ್ಟಿನ ಫೋಟೋದಲ್ಲಿದ್ದ ಹಾಗೇ, ಒಂದು ನೂಲೂ ಬದಲಾಗಿಲ್ಲ. ಬಲಗೈ ಎತ್ತಿ ಸಂವಿಧಾನವನ್ನ ಕಾಪಾಡ್ತೀನಿ ಅಂತ ಪ್ರಮಾಣ ಮಾಡಿದ್ಲು. ಪ್ರಮಾಣ ಬೋಧಿಸಿದ ಕರ್ನಲ್ ಅವಳ ಹೆಸರನ್ನ, ಆ ಹದಿಮೂರು ಅಕ್ಷರವನ್ನ, ಎಲ್ಲೂ ತಡವರಿಸದೆ ಹೇಳಿದ್ರು, ಮಗಳು ಮೊದಲೇ ಹೋಗಿ ಹೇಳಿಕೊಟ್ಟಿದ್ಲಂತೆ. ಕಟ್ಟಿದ ಫೀಸು ಆಮೇಲೆ ನಮಗೆ ವಾಪಸ್ ಅಡ್ಜಸ್ಟ್ ಆಯ್ತು. ಎಲ್ಲರಿಗೂ ಹಾಗೇ ಆಗತ್ತೆ ಅಂದ್ಕೋಬೇಡಿ, ಬೆಟಾಲಿಯನ್ನಲ್ಲಿ ಎಚ್‌ಆರ್ ನೋಡ್ಕೊಳ್ಳೋರು ಒಬ್ಬರಿರ್ತಾರೆ, ಅವರ ಹತ್ರ ಮಗುನೇ ಹೋಗಿ ಕೇಳಲಿ.

ನಮ್ಮಲ್ಲಿ ಸಂಜೆ ನಾಲ್ಕು ಗಂಟೆ, ತರೀಕೆರೆಯಲ್ಲಿ ರಾತ್ರಿ ಎರಡೂವರೆ. ಮಾವನವರು ಮಲಗದೆ ಕಾಯ್ತಿದ್ರು. ವಿಡಿಯೋ ಕಾಲ್ ಹಚ್ಚಿ ಮಗಳ ಕೈಗೆ ಕೊಟ್ಟೆ. "ಪುಟ್ಟಿ, ಈಗ ಆಯ್ತಾ ಸಹಿ?" ಅಂದ್ರು. ಆಯ್ತು ತಾತ ಅಂದ್ಲು. ಹತ್ರ ಹಿಡಿ ಅಂದ್ರು, ಫೋನ್ ಎದೆ ಹತ್ರ ಹಿಡಿದ್ಲು, ಅವರು ಕನ್ನಡಕ ಸರಿ ಮಾಡ್ಕೊಂಡು ಒಂದೊಂದೇ ಅಕ್ಷರ ಜೋರಾಗಿ ಓದಿದ್ರು, ಹದಿಮೂರೂ.